ಐಕಾನ್ ಒತ್ತಿದರೂ ತೆರೆಯದ ಪ್ರೋಗ್ರಾಂ ಏನು ಹೇಳುತ್ತದೆ?

ಇಂಡಿ ತಾಲ್ಲೂಕಿನ ಆನ್‌ಲೈನ್ ಸೆಂಟರುಗಳಲ್ಲಿ ಇದು ಹೊಸ ದೃಶ್ಯವಲ್ಲ. ಸಾಲೋಟಗಿ ಕಡೆಯ ಲಿಂಬೆ ಬೆಳೆಗಾರನೊಬ್ಬ ಉತಾರ, ಆಧಾರ್ ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿರುತ್ತಾನೆ. ಸೆಂಟರಿನ ಹುಡುಗ ಸ್ಕ್ಯಾನರಿನ ಐಕಾನ್ ಮೇಲೆ ಎರಡು ಸಲ ಕ್ಲಿಕ್ ಮಾಡುತ್ತಾನೆ. ನೀಲಿ ಉಂಗುರ ಒಂದು ಗಳಿಗೆ ತಿರುಗಿ ಮಾಯವಾಗುತ್ತದೆ. ಮತ್ತೆ ಕ್ಲಿಕ್, ಮತ್ತೆ ಉಂಗುರ, ಮತ್ತೆ ಖಾಲಿ ಪರದೆ.

“ಯಾಕೋ ತಮ್ಮಾ, ಏನಾತು?”

“ಓಪನ್ ಆಗವಲ್ದ್ರೀ ಕಾಕಾ. ನಾಳಿ ಬರ್ರಿ, ಫಾರ್ಮ್ಯಾಟ್ ಹೊಡಸ್ತೀನಿ.”

ಬಸ್ಸಿನ ರೊಕ್ಕವೂ ಹೋಯಿತು, ದಿನದ ಕೆಲಸವೂ ಹೋಯಿತು. ಫಾರ್ಮ್ಯಾಟ್ ಮಾಡಿದರೆ ಕಂಪ್ಯೂಟರಿನಲ್ಲಿದ್ದ ಎಷ್ಟೋ ಜನರ ಕಾಗದಪತ್ರಗಳೂ ಹೋಗಬಹುದು. ಇಷ್ಟೆಲ್ಲ ನಷ್ಟಕ್ಕೆ ಕಾರಣವಾದ ದೋಷ ಬಹಳ ಸಲ ತೀರಾ ಚಿಕ್ಕದು. ಅದಕ್ಕಿಂತ ನೋವಿನ ಸಂಗತಿ ಎಂದರೆ, ಪ್ರೋಗ್ರಾಂ ತಾನು ಏಕೆ ತೆರೆಯಲಿಲ್ಲ ಎಂಬುದನ್ನು ಆಗಲೇ ಹೇಳಿ ಮುಗಿಸಿರುತ್ತದೆ. ಕೇಳುವವರು ಇರುವ ಜಾಗದಲ್ಲಿ ಮಾತ್ರ ಹೇಳಿರುವುದಿಲ್ಲ.

ಈ ಕಥೆಯ ಬೇರು 1970ರ ದಶಕದ ಅಮೆರಿಕದಲ್ಲಿದೆ. ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯದಲ್ಲಿ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಬೆಳೆಯುತ್ತಿದ್ದ ಕಾಲ. ಅಲ್ಲಿನವರು ತಮ್ಮ ಬರಹಗಳನ್ನು ಫೋಟೊ ಅಕ್ಷರಜೋಡಣೆ ಯಂತ್ರಕ್ಕೆ ಕಳಿಸಿ, ಹೊರಬಂದ ಉದ್ದನೆಯ ಕಾಗದವನ್ನು ವಾಸನೆ ಹೊಡೆಯುವ ರಾಸಾಯನಿಕದ ಯಂತ್ರದಲ್ಲಿ ತೊಳೆದು, ಹಲವು ನಿಮಿಷ ಕಾಯಬೇಕಿತ್ತು. ಒಂದು ಮಧ್ಯಾಹ್ನ ಹೀಗೆ ಕಾದ ಹಲವರಿಗೆ ಸಿಕ್ಕಿದ್ದು ಅಂದವಾಗಿ ಅಚ್ಚಾದ ಒಂದೇ ಸಾಲು: ಇಂಥ ಫೈಲ್ ತೆರೆಯಲಾಗಲಿಲ್ಲ. ದೋಷದ ಸಂದೇಶವೂ ಬರಹದ ದಾರಿಯಲ್ಲೇ ಹರಿದು ಕಾಗದಕ್ಕೆ ಇಳಿದಿತ್ತು. ಗೊಣಗಾಟ ಜೋರಾಯಿತು, ಕೆಲವೇ ದಿನಗಳಲ್ಲಿ ದೋಷದ ಮಾತಿಗೆಂದೇ ಬೇರೊಂದು ದಾರಿ ಹುಟ್ಟಿತು. ಅದರ ಹೆಸರು ‘ಸ್ಟ್ಯಾಂಡರ್ಡ್ ಎರರ್’. ಅಲ್ಲಿದ್ದ ಸ್ಟೀವ್ ಜಾನ್ಸನ್ ಮುಂದೆ ಈ ಪ್ರಸಂಗವನ್ನು ನೆನಪಿಸಿಕೊಂಡಿದ್ದಾರೆ.

ಆ ಏರ್ಪಾಡು ಇಂದಿಗೂ ಹಾಗೆಯೇ ಇದೆ. ಬದಲಾದದ್ದು ಪರದೆ. ಅಂದು ಕಪ್ಪು ಪರದೆಯಲ್ಲಿ ಆದೇಶ ಟೈಪ್ ಮಾಡಿದವನ ಕಣ್ಣೆದುರೇ ಬೈಗುಳವೂ ಬೀಳುತ್ತಿತ್ತು. ಐಕಾನ್ ಒತ್ತಿ ತೆರೆಯುವ ಪ್ರೋಗ್ರಾಂಗೆ ಅಂಥ ಪರದೆಯೇ ಇಲ್ಲ. ಅದರ ಕಿಟಕಿ ಮೂಡುವ ಮೊದಲೇ ಅದು ಮುಗ್ಗರಿಸಿದರೆ ಸಂದೇಶ ತೋರಿಸಲು ಜಾಗವೇ ಇರುವುದಿಲ್ಲ. ವಿಂಡೋಸ್‌ನಲ್ಲಂತೂ ‘ಇದು ಕಿಟಕಿಯ ಪ್ರೋಗ್ರಾಂ’ ಎಂಬ ಗುರುತು ಫೈಲಿನ ತಲೆಬರಹದಲ್ಲೇ ಇರುವುದರಿಂದ ಕಪ್ಪು ಪರದೆ ತಾನಾಗಿ ತೆರೆದುಕೊಳ್ಳುವುದಿಲ್ಲ.

ಹಾಗೆಂದು ಕಾರಣ ಎಲ್ಲಿಯೂ ದಾಖಲಾಗಿಲ್ಲ ಎಂದುಕೊಳ್ಳಬೇಕಿಲ್ಲ. ಲಿನಕ್ಸ್ ಇದ್ದರೆ ಟರ್ಮಿನಲ್ ತೆರೆದು, ಅಲ್ಲಿಂದ ಪ್ರೋಗ್ರಾಮಿನ ಹೆಸರನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು. ಐಕಾನ್ ನುಂಗಿಕೊಂಡ ಮಾತು ಅಲ್ಲಿ ಹೊರಬರುತ್ತದೆ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಅದು ಹೋಮ್ ಫೋಲ್ಡರಿನ ‘ಎಕ್ಸ್‌ಸೆಷನ್-ಎರರ್ಸ್’ ಎಂಬ ಅಡಗಿದ ಫೈಲಿಗೆ ಸೇರುತ್ತಿತ್ತು. ಈಗ ಹೆಚ್ಚಾಗಿ ಸಿಸ್ಟಮ್ ಜರ್ನಲ್‌ಗೆ ಸೇರುತ್ತದೆ. ವಿಂಡೋಸ್‌ನಲ್ಲಿ ಸ್ಟಾರ್ಟ್ ಮೆನುವಿನಲ್ಲಿ ‘ಈವೆಂಟ್ ವ್ಯೂಯರ್’ ಹುಡುಕಿ, ‘ವಿಂಡೋಸ್ ಲಾಗ್ಸ್’ ಒಳಗಿನ ‘ಅಪ್ಲಿಕೇಶನ್’ ತೆರೆಯಬೇಕು. ಪ್ರೋಗ್ರಾಂ ಬಿದ್ದ ಹೊತ್ತಿಗೆ ಸರಿಯಾಗಿ ಕೆಂಪು ಗುರುತಿನ ಸಾಲೊಂದಿದ್ದರೆ, ಹೆಚ್ಚಾಗಿ 1000 ಎಂಬ ಸಂಖ್ಯೆಯದು, ಅದರೊಳಗೆ ಬಿದ್ದ ಪ್ರೋಗ್ರಾಂ ಯಾವುದು, ಬೀಳಿಸಿದ ಭಾಗ ಯಾವುದು ಎಂಬ ಎರಡು ಹೆಸರುಗಳಿರುತ್ತವೆ. ಅಷ್ಟು ಇಂಗ್ಲಿಷ್ ಓದಲು ಹಿಂಜರಿಯುವವರಿಗೆ ‘ರಿಲಯಬಿಲಿಟಿ ಮಾನಿಟರ್’ ಸುಲಭ: ದಿನಕ್ಕೊಂದು ಮನೆ, ತೊಂದರೆಯಾದ ದಿನ ಕೆಂಪು ಗುರುತು.

ಇನ್ನೊಂದು ಸಣ್ಣ ಉಪಾಯ ಹೆಚ್ಚು ಜನಕ್ಕೆ ಗೊತ್ತಿಲ್ಲ. ವಿಂಡೋಸ್‌ನ ಸಾಮಾನ್ಯ ಸಂದೇಶ ಪೆಟ್ಟಿಗೆ ಮೂಡಿದಾಗ ‘ಓಕೆ’ ಒತ್ತುವ ಮೊದಲು ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದರಲ್ಲಿರುವ ಪಠ್ಯವೆಲ್ಲ ನಕಲಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಲ್ಲವರಿಗೆ ಕಳಿಸಬಹುದು. ಅವಸರದಲ್ಲಿ ‘ಓಕೆ’ ಒತ್ತುವ ಬೆರಳು ಎಷ್ಟು ಪರಿಹಾರಗಳನ್ನು ಅಳಿಸಿಹಾಕಿದೆಯೋ!

ಸಂದೇಶ ಸಿಕ್ಕರೆ ಮುಂದಿನ ಕೆಲಸಕ್ಕೆ ದಾರಿ ತಾನಾಗಿ ತೆರೆಯುತ್ತದೆ. ‘ವಿಸಿರನ್‌ಟೈಮ್140’ ಎಂಬ ಡಿಎಲ್‌ಎಲ್ ಸಿಗಲಿಲ್ಲ ಎಂದಿದ್ದರೆ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ‘ವಿಷುವಲ್ ಸಿ++’ ಕಟ್ಟನ್ನು ಹಾಕಿಕೊಳ್ಳಬೇಕು. ಆ ಒಂದೇ ಫೈಲನ್ನು ಎಲ್ಲಿಂದಲೋ ಇಳಿಸಿಕೊಂಡರೆ ವೈರಸ್ಸನ್ನು ಕರೆತಂದಂತೆ. 7ಬಿ ಎಂದು ಮುಗಿಯುವ ಉದ್ದನೆಯ ಸಂಖ್ಯೆ ಬಂದರೆ 32 ಬಿಟ್ ಮತ್ತು 64 ಬಿಟ್ ಭಾಗಗಳು ಬೆರೆತಿರುವ ಸಂಭವ ಹೆಚ್ಚು. ಹಳೆಯ ಪ್ರೋಗ್ರಾಂ ‘ಡಾಟ್‌ನೆಟ್ 3.5’ ಕೇಳಿದರೆ ಅದನ್ನು ಹೊಸ ವಿಂಡೋಸ್‌ನಲ್ಲಿ ಕೈಯಾರೆ ಚಾಲೂ ಮಾಡಬೇಕು. ವಿಂಡೋಸ್ 8ರಿಂದ ಈಚೆಗೆ ಅದು ತಾನಾಗಿ ಚಾಲೂ ಇರುವುದಿಲ್ಲ. ಇವುಗಳಲ್ಲಿ ಒಂದಕ್ಕೂ ಫಾರ್ಮ್ಯಾಟ್ ಬೇಕಿಲ್ಲ. ಸಂದೇಶವೇ ದಾರಿ ತಪ್ಪಿಸುವುದೂ ಉಂಟು: 64 ಬಿಟ್ ಲಿನಕ್ಸ್‌ನಲ್ಲಿ 32 ಬಿಟ್ ಪ್ರೋಗ್ರಾಂ ಓಡಿಸಿದರೆ ಕಣ್ಣೆದುರೇ ಇರುವ ಫೈಲನ್ನು ‘ಅಂಥ ಫೈಲ್ ಇಲ್ಲ’ ಎನ್ನಬಹುದು. ಇಲ್ಲದಿರುವುದು ಆ ಫೈಲಲ್ಲ, ಅದನ್ನು ಎತ್ತಿ ಓಡಿಸುವ ಇನ್ನೊಂದು ಫೈಲು. ಇಂಥ ಸೂಕ್ಷ್ಮವನ್ನು ಯಾರಾದರೂ ಒಮ್ಮೆ ಕೂತು ಹೇಳಿಕೊಡಬೇಕು.

ಹೇಳಿಕೊಡುವ ಮಾತಿಗೆ ಸಾಲೋಟಗಿಯ ಹಕ್ಕು ದೊಡ್ಡದು. ಊರಿನ ಹೆಸರಿನಲ್ಲೇ ಶಾಲೆ ಇದೆ. ಪಾವಿಟ್ಟಗೆ ಎಂಬ ಹಳೆಯ ಹೆಸರಿಗೆ ಶಾಲೆ ಸೇರಿ, ಬಾಯಿಂದ ಬಾಯಿಗೆ ಸವೆದು ಸಾಲೋಟಗಿಯಾಯಿತು. ಕ್ರಿ.ಶ. 945ರ ಕಂಬದ ಶಾಸನ ಹೇಳುವಂತೆ, ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ವಿದ್ಯಾಶಾಲೆ ಕಟ್ಟಿಸಿದ. ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದವು. ಊರಿನ ಮದುವೆ, ಮುಂಜಿ, ಚೌಲಗಳಲ್ಲಿ ಶಾಲೆಗೆ ಸಲ್ಲಬೇಕಾದ ಕಾಣಿಕೆ ಇಷ್ಟೆಂದು ಗೊತ್ತುಮಾಡಲಾಗಿತ್ತು. ದೀಪ ಉರಿಸುವುದಕ್ಕೆಂದೇ ಬೇರೆ ಭೂಮಿ ಬಿಟ್ಟಿದ್ದರು. ಕಟ್ಟಡ ಎದ್ದ ಮೇಲೆ ರಾತ್ರಿ ಓದುವವನಿಗೆ ಎಣ್ಣೆ ಎಲ್ಲಿಂದ ಬರಬೇಕು ಎಂಬುದನ್ನೂ ಕಲ್ಲಿನಲ್ಲಿ ಕೆತ್ತಿಸಿದ ಜನ ಅವರು. ಇಂದು ಕಂಪ್ಯೂಟರ್ ಕೊಠಡಿಗೆ ಯಂತ್ರ ಬರುತ್ತದೆ, ಮೇಜು ಬರುತ್ತದೆ. ಯಂತ್ರ ಮುಗ್ಗರಿಸಿದ ದಿನ ಅದರ ಮಾತು ಓದಬಲ್ಲ ಒಬ್ಬನನ್ನು ತಯಾರು ಮಾಡುವ ಲೆಕ್ಕ ಮಾತ್ರ ಬಿಟ್ಟುಹೋಗುತ್ತದೆ.

ಅದು ಆಗದ ಕೆಲಸವೇನಲ್ಲ. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್ ಕಂಪ್ಯೂಟರುಗಳ ಮೇಲೆಯೇ ಕಲಿಯುತ್ತಾರೆ. ಅವರ ಕಂಪ್ಯೂಟರ್ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಅಲ್ಲಿ 2018ರಲ್ಲಿ ಆರಂಭವಾದ ‘ಲಿಟ್ಲ್ ಕೈಟ್ಸ್’ ಸಂಘಗಳಲ್ಲಿ ಹೈಸ್ಕೂಲು ಮಕ್ಕಳಿಗೆ ಯಂತ್ರದ ಒಳಭಾಗಗಳ ಪರಿಚಯವೂ ತರಬೇತಿಯ ಭಾಗ. ಕರ್ನಾಟಕದಲ್ಲಿ 2012ರ ನಿಯಮಗಳ ಪ್ರಕಾರ ಸರ್ಕಾರಿ ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕು. ಆ ಪರೀಕ್ಷೆಯಲ್ಲಿ ತೆರೆಯದ ಪ್ರೋಗ್ರಾಮಿನ ದೋಷ ಸಂದೇಶವನ್ನು ಹುಡುಕಿ ತೋರಿಸುವ ಒಂದು ಪ್ರಶ್ನೆ ಇರಲೇಬೇಕು. ಟೈಪಿಂಗ್ ಬಲ್ಲವನಿಗೆ ಇದೂ ಬರದಿದ್ದರೆ, ಕಚೇರಿಯ ಕಂಪ್ಯೂಟರ್ ಕೆಟ್ಟ ದಿನ ಕ್ಯೂನಲ್ಲಿ ನಿಂತವರು ಬರಿಗೈಲಿ ಮನೆಗೆ ಹೋಗಬೇಕಾಗುತ್ತದೆ.

ಆದರೆ ಹೊಣೆಯನ್ನೆಲ್ಲ ಸೆಂಟರಿನ ಹುಡುಗನ ತಲೆಗೆ ಕಟ್ಟುವುದು ಅನ್ಯಾಯ. ಕನ್ನಡಿಗರ ಬಳಕೆಗೆಂದೇ ಸರ್ಕಾರದ ಹಣದಲ್ಲಿ ತಂತ್ರಾಂಶ ಮಾಡಿಸುವಾಗ, ಅದು ತೆರೆಯದಿದ್ದರೆ ಕಾರಣವನ್ನು ಪರದೆಯ ಮೇಲೆ ಕನ್ನಡದಲ್ಲಿ ಹೇಳಬೇಕು ಎಂಬ ಷರತ್ತು ಟೆಂಡರಿನಲ್ಲೇ ಇರಬೇಕು. ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿದೆ. ಗ್ನೋಮ್, ಕೆಡಿಇ ಡೆಸ್ಕ್‌ಟಾಪ್‌ಗಳನ್ನು ಕನ್ನಡಕ್ಕೆ ತರಲು ಸ್ವಯಂಸೇವಕರು ದುಡಿದಿದ್ದಾರೆ. ಅಕ್ಷರ ಇಲ್ಲ, ಪದ ಇಲ್ಲ ಎನ್ನುವ ನೆಪ ಈಗ ನಡೆಯದು. ಷರತ್ತಿನ ಜೊತೆಗೆ ಮಾದರಿಯನ್ನೂ ಕೊಡಬಹುದು: ‘ಸ್ಕ್ಯಾನರ್ ಪ್ರೋಗ್ರಾಂ ತೆರೆಯಲಿಲ್ಲ. ಇದಕ್ಕೆ ಬೇಕಾದ ಒಂದು ಭಾಗ ಈ ಕಂಪ್ಯೂಟರಿನಲ್ಲಿ ಇಲ್ಲ. ನಿಮ್ಮ ಫೈಲುಗಳಿಗೆ ಏನೂ ಆಗಿಲ್ಲ. ಸಹಾಯ ಕೇಳುವಾಗ ಕೆಳಗಿನ ಹೆಸರು ಮತ್ತು ಸಂಖ್ಯೆಯನ್ನು ಹೇಳಿ.’ ಕೆಳಗಿನ ಆ ಹೆಸರನ್ನೂ ಸಂಖ್ಯೆಯನ್ನೂ ಅನುವಾದಿಸದೆ ಇದ್ದಂತೆಯೇ ಬಿಡಬೇಕು; ಬೆಂಗಳೂರಿನ ಎಂಜಿನಿಯರ್ ಹುಡುಕುವುದು ಅದನ್ನೇ.