ಹುಲಿಯೋ, ಹಲಸಿನ ಹಣ್ಣೋ?

ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು ಚಿತ್ರ ಬರೆಯಬಾರದು ಅಂತ ಕಾನೂನಿದೆಯೇ? ನಮ್ಮ ಬೀದಿಯ ಅಭಿಮಾನಿ ಸಂಘದ ಹುಡುಗರು ಕ್ರಿಕೆಟ್ ತಂಡಕ್ಕೆ ಲೋಗೋ ಕೇಳಿದರು, ಒಪ್ಪಿಬಿಟ್ಟೆ. ಮೀಸೆ ಬಿಟ್ಟ ಹುಲಿ, ಎರಡು ಬ್ಯಾಟು, ಸುತ್ತ ಸಂಘದ ಪೂರ್ತಿ ಹೆಸರು. ಬ್ಯಾನರಿನಲ್ಲಿ ನೋಡಿ ಶಿಳ್ಳೆಯೋ ಶಿಳ್ಳೆ! ಅದೇ ಹುಲಿ ಟೋಪಿಗೆ ಕಸೂತಿಯಾಗಿ ಬಂತು ನೋಡಿ... ಬರೀ ಹಳದಿ ಮುದ್ದೆ! ಹದಿನೈದು ಟೋಪಿ, ಹುಡುಗರ ಚಂದಾ ದುಡ್ಡು. ವಾರದ ಕೂಲಿ ಪೂರ್ತಿ ಕೊಟ್ಟಿದ್ದ ಗ್ಯಾರೇಜಿನ ಹುಡುಗ, “ಅಣ್ಣಾ, ಇದು ಹುಲಿನಾ, ಹಲಸಿನ ಹಣ್ಣಾ?” ಅಂದ. ನನ್ನ ಬಾಯಿ ಕಟ್ಟಿಹೋಯ್ತು.

ತಪ್ಪು ಕಸೂತಿಯವನದಲ್ಲ ಗುರುವೇ. ದಾರಕ್ಕೂ ದಪ್ಪ ಇದೆ, ಕೂದಲೆಳೆ ಗೆರೆ ಅದರಲ್ಲಿ ನಿಲ್ಲದು. ಆರ್.ಕೆ. ಫಿಲಂಸ್ ಲಾಂಛನ ನೆನೆಸಿಕೊಳ್ಳಿ. 1949ರ ‘ಬರ್ಸಾತ್’ ಭಂಗಿ: ರಾಜ್ ಕಪೂರನ ಒಂದು ಕೈಯಲ್ಲಿ ಪಿಟೀಲು, ಇನ್ನೊಂದು ತೋಳಲ್ಲಿ ನರ್ಗೀಸ್. ಕಣ್ಣು ಮೂಗು ಕಾಣದಿದ್ದರೂ ಆಕಾರವೇ ಸಾಕು. ಪರದೆಗೂ ಸೈ, ಪತ್ರಿಕೆಯ ಮೂಲೆಗೂ ಸೈ. ಇಟಲಿಯ ಯುವೆಂಟಸ್ ಫುಟ್‌ಬಾಲ್ ತಂಡವಂತೂ 2017ರಲ್ಲಿ ಗೂಳಿ, ಕಿರೀಟ ಎಲ್ಲಾ ಕಿತ್ತೆಸೆದು ‘ಜೆ’ ಅಕ್ಷರ ಹಿಡಿಯಿತು. ಅಭಿಮಾನಿಗಳು ಬೈದರು, ಅದು ಬೇರೆ ಮಾತು.

ಈ ಸಲ ಮೊದಲು ಅಂಚೆಚೀಟಿ ಗಾತ್ರದಲ್ಲೇ ಬರೆದೆ, ಬರೀ ಕಪ್ಪು ಶಾಯಿಯಲ್ಲಿ. ಎರಡು ಕಿವಿ, ಮೂರು ದಪ್ಪ ಪಟ್ಟೆ. ಹೆಸರು ಔಟ್! ಗೋಡೆಗಂಟಿಸಿ, ಗ್ಯಾರೇಜಿನ ಹುಡುಗನನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿದೆ. “ಹುಲಿ” ಅಂದ.

ಹೊಸ ಟೋಪಿಗಳ ಖರ್ಚು ನನ್ನದೇ. ಸಂಪಾದಕರೇ, ಸಂಭಾವನೆ ಬೇಗ ಕಳಿಸಿ!