ಬಾರ್ಕೂರಿಗೆ ಹೋದರೆ ಕೇರಿ ಕೇಳಿ

ಸೋದರಿಯರೇ, ಹೋದ ಸಲದ ಬಣ್ಣದ ಸೌತೆಕಾಯಿ ಹುಳಿಗೆ ಕೊತ್ತಂಬರಿ ಹುರಿಯಬೇಕೋ ಹಸಿಯೋ ಎಂದು ಕೆಲವರು ಕೇಳಿದ್ದೀರಿ. ಹುರಿದರೇ ಒಳ್ಳೆಯದು, ಎಣ್ಣೆ ಎರಡೇ ಹನಿ ಸಾಕು. ಅದು ಅಲ್ಲಿಗೆ ಬಿಡಿ. ಈ ಸಲ ಒಲೆಯ ಬುಡ ಬಿಟ್ಟು ಸ್ವಲ್ಪ ತಿರುಗಾಡಿ ಬರೋಣ.

ನನ್ನ ತಂಗಿಯ ಮಗಳು ಗಂಡನ ಜೊತೆ ಜರ್ಮನಿಯಲ್ಲಿದ್ದಾಳೆ. ರಜೆಗೆ ಬಂದವಳು ವೆನಿಸ್ ನಗರಕ್ಕೆ ಹೋಗಿಬಂದ ಕಥೆಯನ್ನು ಮೂರು ದಿನ ಹೇಳಿದಳು. ಅಲ್ಲಿ ಹಳೇ ಊರೊಳಗೆ ಮೋಟಾರು ಗಾಡಿಯೇ ಇಲ್ಲವಂತೆ, ನಡೆಯಬೇಕು, ಇಲ್ಲವೇ ದೋಣಿ. ಊರು ಆರು ಪಾಲು. ಮನೆಯ ನಂಬರು ಬೀದಿಯ ಲೆಕ್ಕಕ್ಕಲ್ಲ, ಪಾಲಿನ ಲೆಕ್ಕಕ್ಕೆ. ಹಾಗಾಗಿ ನಂಬರು ಕೈಯಲ್ಲಿದ್ದೂ ದಾರಿ ತಪ್ಪಿ, ಒಂದು ಮನೆ ಹುಡುಕಲು ಸಂಜೆಯವರೆಗೆ ಅಲೆದರಂತೆ. "ದೊಡ್ಡಮ್ಮ, ತಪ್ಪಿದ್ದರಿಂದಲೇ ಊರು ನೋಡಿದ ಹಾಗಾಯ್ತು" ಎಂದಳು. ಆಮೇಲೆ ನನ್ನನ್ನೇ ಕೇಳಿದಳು, "ನಮ್ಮಲ್ಲಿ ಅಂಥ ಹಳೇ ಪಟ್ಟಣ ಯಾವುದುಂಟು?"

ಬಾರ್ಕೂರು ಎಂದೆ. ಎಂದೆನೇ ಹೊರತು, ನನ್ನ ತಾಯಿ ಹುಟ್ಟಿದ ಊರನ್ನು ನಾನು ನೆಟ್ಟಗೆ ನೋಡಿರಲಿಲ್ಲ. ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿದ್ದೇನೋ ಅಷ್ಟೇ.

ಕಾರು ಮಾಡಿಕೊಂಡು ಹೋದೆವು. ತಾಯಿಗೆ ಎಪ್ಪತ್ತೆಂಟು, ಮಂಡಿನೋವು. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆವು. ಕತ್ತಲೆ ಬಸದಿಯ ಮುಂದೆ ಇಳಿದು ಫೋಟೋ, ಪಂಚಲಿಂಗೇಶ್ವರದಲ್ಲಿ ಕೈಮುಗಿದು ಪ್ರಸಾದ, ಕೋಟೆಯ ಕಡೆ ಕಾರಿನಿಂದಲೇ ಒಂದು ನೋಟ. ಮುಕ್ಕಾಲು ಗಂಟೆಗೆ ಎಲ್ಲ ಮುಗಿಯಿತು. ತಾಯಿ ಕಾರಿನಿಂದ ಇಳಿಯಲೇ ಇಲ್ಲ. ನಾವೂ ಮಂಡಿನೋವು ಎಂದು ಒತ್ತಾಯ ಮಾಡಲಿಲ್ಲ. ಬ್ರಹ್ಮಾವರ ದಾಟಿದ ಮೇಲೆ ಮೆಲ್ಲಗೆ ಹೇಳಿದರು, "ಕಾರಲ್ಲಿ ಕೂತ್ಕಂಡ್ ಬಾರ್ಕೂರು ಕಾಂಬುಕಾತ್ತಾ? ನನ್ ಕೇರಿಗ್ ನೀವ್ ಹೋಯ್ಲೇ ಇಲ್ಲ."

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ತವರಿನ ಮನೆ ಪಾಲಾಗಿ ಮಾರಿಹೋದ ಮೇಲೆ ಅವರು ಆ ಕೇರಿಗೆ ಕಾಲಿಟ್ಟಿರಲಿಲ್ಲ. ಕರೆದುಕೊಂಡು ಹೋಗಿ ಎಂದು ಬಾಯಿಬಿಟ್ಟು ಕೇಳುವ ಜಾತಿಯೂ ಅಲ್ಲ. ಈಚೆಗೆ ಮರೆವು ಬೇರೆ ಶುರುವಾಗಿದೆ. ಬೆಳಿಗ್ಗೆ ತಿಂದ ಮಾತ್ರೆ ನೆನಪಿರುವುದಿಲ್ಲ, ಬಾರ್ಕೂರಿನ ಕೇರಿಗಳ ಹೆಸರು ಮಾತ್ರ ಸರಾಗ ಬರುತ್ತದೆ: ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ, ಸಾಲಿಕೇರಿ, ರಂಗನಕೇರಿ, ಭಂಡಾರಕೇರಿ.

ಹುಡುಗಿ ಜರ್ಮನಿಗೆ ಹೊರಟ ಮೇಲೆ ನಾವಿಬ್ಬರೇ ಇನ್ನೊಮ್ಮೆ ಹೋದೆವು. ಉಡುಪಿ ಬಸ್ಸಿನಲ್ಲಿ ಬ್ರಹ್ಮಾವರಕ್ಕೆ, ಅಲ್ಲಿಂದ ಆಟೋ. ಬೈಂದೂರು ಕಡೆಯವರಿಗೆ ರೈಲೂ ಉಂಟು, ಬಾರ್ಕೂರಿನಲ್ಲೇ ನಿಲ್ದಾಣವಿದೆ. ಆದರೆ ಎಲ್ಲ ಗಾಡಿ ನಿಲ್ಲುವುದಿಲ್ಲ, ವಿಚಾರಿಸಿಯೇ ಹೊರಡಿ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಪೂಜೆಯಾದ ಮೇಲೆ ದೇವಸ್ಥಾನಗಳ ಬಾಗಿಲು ಹಾಕಿಬಿಡುತ್ತಾರೆ. ಬುತ್ತಿಗೆ ಒಗ್ಗರಣೆ ಅವಲಕ್ಕಿ, ಬಾಟಲಿಯಲ್ಲಿ ಶುಂಠಿ ಮಜ್ಜಿಗೆ ಇರಲಿ. ಹೆಂಗಸರಿಗೆ ತಿರುಗಾಟದಲ್ಲಿ ದೊಡ್ಡ ಚಿಂತೆ ಯಾವುದೆಂದು ನಿಮಗೆ ಹೇಳಬೇಕಿಲ್ಲ. ಪೇಟೆ ಬಿಡುವ ಮೊದಲೇ ಆ ವ್ಯವಸ್ಥೆ ಮುಗಿಸಿಕೊಳ್ಳಿ. ಒಳಗಿನ ಕೇರಿಗಳಲ್ಲಿ ಯಾರದಾದರೂ ಮನೆಯೇ ಗತಿ. ಕೇಳಿದರೆ ಇಲ್ಲವೆನ್ನುವವರು ಕಡಿಮೆ.

ಊರಿನ ಬಗ್ಗೆಯೂ ನಾಲ್ಕು ಮಾತು ಗೊತ್ತಿದ್ದರೆ ನಡೆಯಲು ಹುರುಪು ಬರುತ್ತದೆ. ಇದು ಆಳುಪ ಅರಸರ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ಕರಾವಳಿಯಲ್ಲಿ ಮಂಗಳೂರು ರಾಜ್ಯ, ಬಾರಕೂರು ರಾಜ್ಯ ಎಂದು ಎರಡು ಆಡಳಿತಗಳಿದ್ದವು. ಶಾಸನಗಳಲ್ಲಿ ಬಾರಕೂರು ಗದ್ಯಾಣ ಎಂಬ ಹಣದ ಹೆಸರೇ ಬರುತ್ತದೆ. 14ನೇ ಶತಮಾನದಲ್ಲಿ ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತ ಈ ಕರಾವಳಿಗೆ ಬಂದಾಗ ಫಾಕನೂರು ಎಂದು ಬರೆದದ್ದು ಇದೇ ಊರನ್ನು ಎನ್ನುತ್ತಾರೆ. ಇಲ್ಲಿಯ ಕಬ್ಬನ್ನು ಆತ ಹೊಗಳಿದ್ದಾನೆ! ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವು ಎಂಬ ಮಾತು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕೋಟೆ ಎಂದು ಚಿತ್ರದುರ್ಗವನ್ನು ನೆನೆಸಿಕೊಂಡು ಹೋಗಬೇಡಿ, ಉಳಿದದ್ದು ಅಡಿಪಾಯದ ಗುರುತು, ಗಿಡಗಂಟಿ. ಕತ್ತಲೆ ಬಸದಿಯಲ್ಲಿ ಮಾತ್ರ ಐದು ನಿಮಿಷ ಸುಮ್ಮನೆ ಕೂರಬೇಕು. ಹೊರಗಿನ ಬಿಸಿಲಿನಿಂದ ಒಳಗೆ ಹೋದರೆ ಮೊದಲು ಏನೂ ಕಾಣುವುದಿಲ್ಲ, ಆಮೇಲೆ ಒಂದೊಂದೇ ಕಲ್ಲಿನ ಕಂಬ ಕಣ್ಣಿಗೆ ಬರುತ್ತದೆ. ಮೊದಲ ಸಲ ಫೋಟೋ ತೆಗೆಯುವ ಗಡಿಬಿಡಿಯಲ್ಲಿ ನನಗೆ ಇದು ತಿಳಿದಿರಲೇ ಇಲ್ಲ.

ಮೂಡುಕೇರಿಗೆ ನಾನು ಫೋನಿನ ನಕ್ಷೆ ಹಿಡಿದು ಹೊರಟೆ. ನನ್ನದೇ ತಪ್ಪು, ಯಾವುದೋ ತಿರುವು ಬಿಟ್ಟು ಗದ್ದೆಯ ಅಂಚಿಗೆ ಹೋಗಿ ನಿಂತೆವು. ಬಿಸಿಲು. ತಾಯಿ ಮುರಕಲ್ಲಿನ ಪಾಗಾರಕ್ಕೆ ಒರಗಿ ನಿಂತರು. ಇವರನ್ನು ನಡೆಸಿಕೊಂಡು ಬಂದು ಕೆಡಿಸಿದೆನಲ್ಲ ಎಂದು ನನಗೆ ಹೆದರಿಕೆಯೇ ಆಯಿತು. ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತು ಬಂದ ಮುದುಕರೊಬ್ಬರು ಕೇಳಿದರು, "ಯಾವ್ ಕೇರಿಗ್ ಹೋಯ್ಕ್ ನಿಮ್ಗೆ?" ನಾನು ದೇವಸ್ಥಾನದ ಹೆಸರು ಹೇಳಲು ಹೊರಟೆ. ತಾಯಿ ನನ್ನನ್ನು ತಡೆದು ಕೇರಿಯ ಹೆಸರು ಹೇಳಿದರು, ಅಜ್ಜನ ಹೆಸರು ಹೇಳಿದರು, ಬಾವಿಯ ಪಕ್ಕದ ಮನೆ ಎಂದರು. ಆ ಮುದುಕರು ಹೊರೆ ಇಳಿಸಿ ನಮ್ಮ ಜೊತೆಗೇ ಹೊರಟರು. ಬಾರ್ಕೂರಿನಲ್ಲಿ ದೇವಸ್ಥಾನ ಕೇಳಿದರೆ, ಯಾವ ದೇವಸ್ಥಾನ ಎಂದು ತಿರುಗಿ ಕೇಳುತ್ತಾರೆ. ಕೇರಿ ಹೇಳಿದರೆ ಕೈಹಿಡಿದು ಮುಟ್ಟಿಸುತ್ತಾರೆ.

ಮನೆ ಇರಲಿಲ್ಲ. ಅಲ್ಲಿ ಅಡಿಕೆ ಸಸಿ ಸಾಲಾಗಿ ನಿಂತಿತ್ತು. ತಾಯಿ ಒಂದು ಕ್ಷಣ ದಿಕ್ಕು ತಪ್ಪಿದವರಂತೆ ನೋಡಿ, "ಇದಲ್ಲ, ಬಾವಿ ಆಚೆ ಬದಿಗಿತ್ತ್" ಎಂದರು. ಬಾವಿ ಆಚೆ ಬದಿಗೇ ಇತ್ತು, ಸಸಿಗಳ ಹಿಂದೆ, ಮೇಲೆ ಕಬ್ಬಿಣದ ಬಲೆ. ರಾಟೆ ಇಲ್ಲ, ಪಂಪು ಇಟ್ಟಿದ್ದಾರೆ. ಆ ಮನೆಯ ಹೆಂಗಸು ನಮ್ಮ ಗುರುತು ಪರಿಚಯ ಒಂದೂ ಇಲ್ಲದೆ ಬೆಲ್ಲ, ನೀರು ತಂದಿಟ್ಟಳು. ತಾಯಿ ಬೆಲ್ಲ ಬಾಯಿಗೆ ಹಾಕಿಕೊಂಡು, ಚೆಂಬಿನ ನೀರು ಬೇಡ, ಬಾವಿಯದೇ ಬೇಕು ಎಂದು ಹಠ ಹಿಡಿದರು. ಚೆಂಬಿನದೂ ಅದೇ ಬಾವಿಯ ನೀರೆಂದು ನಾನು ಹೇಳಿದ್ದು ಕಿವಿಗೆ ಬೀಳಲಿಲ್ಲ. ಆ ಪುಣ್ಯಾತ್ಗಿತ್ತಿ ನಕ್ಕು ಒಳಗೆ ಹೋಗಿ ಪಂಪಿನ ಸ್ವಿಚ್ಚು ಹಾಕಿದಳು. ಪೈಪಿನ ಬಾಯಿಗೆ ಬೊಗಸೆಯೊಡ್ಡಿ ಕುಡಿದರು, ಸೆರಗೆಲ್ಲ ಒದ್ದೆ.

ಬರುವಾಗ ಬಸ್ಸಿನಲ್ಲಿ ಸೀಟು ಸಿಗಲು ತಡವಾಯಿತು. ಮಂಡಿಗೆ ಎರಡು ದಿನ ಎಣ್ಣೆ ತಿಕ್ಕಿದ್ದೂ ಆಯಿತು. ಮೂರನೆಯ ದಿನ, ಚೌಳಿಕೇರಿಯ ಗಣಪತಿಯನ್ನು ನೋಡದೆ ಬಂದೆವಲ್ಲ ಎಂದು ತಕರಾರು ಎತ್ತಿದ್ದಾರೆ. ಮುಂದಿನ ಸಂಕಷ್ಟಿಗೆ ಹೊರಡುವವರಿದ್ದೇವೆ. ಅವಲಕ್ಕಿ ಬೇಡವಂತೆ, ಈ ಸಲ ಕೊಟ್ಟೆ ಕಡುಬು ಆಗಬೇಕಂತೆ.