ಬಾಗಿಲ ಹೊಸ್ತಿಲಿಗೊಂದು ಕಾವಲು

ಕಳೆದ ಆಟಿ ತಿಂಗಳ ಒಂದು ರಾತ್ರಿ ನಮ್ಮ ಅತ್ತಿಗೆಯವರಿಗೆ ಏದುಸಿರು ಹತ್ತಿ, ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ತೋಟದ ಮನೆಯಿಂದ ಡಾಮರು ರಸ್ತೆಗೆ ಅರ್ಧ ಮೈಲಿಯ ಏರು. ಜೀಪಲ್ಲದೆ ಬೇರೆ ವಾಹನ ಹತ್ತದು. ಅವರನ್ನು ಕುಳ್ಳಿರಿಸಲು ಹೋದರೆ ಎಡಬದಿಯ ಬಾಗಿಲು ತೆರೆಯಲೊಲ್ಲದು. ಮುನ್ನಾದಿನ ಚಕ್ರವು ಮಳೆನೀರಿನ ಕೊರಕಲಿಗಿಳಿದಾಗ ಮುರಕಲ್ಲಿನ ಏಣು ಬಾಗಿಲಡಿಯ ತಗಡನ್ನು ಮೇಲಕ್ಕೆ ನೂಕಿತ್ತು. ಗೀರು ಬಿದ್ದಿದೆಯೆಂದು ನಾವು ಉದಾಸೀನ ಮಾಡಿದ್ದೆವು. ಕೊನೆಗೆ ಚಾಲಕನ ಬದಿಯಿಂದಲೇ ಅವರನ್ನು ಒಳಸೇರಿಸಿ ಹೊರಟದ್ದಾಯಿತು. ಅತ್ತಿಗೆಯವರು ಈಗ ಕ್ಷೇಮವಾಗಿದ್ದಾರೆ.

ಕಾಸರಗೋಡಿನ ಗುಡ್ಡೆಸೀಮೆಯಲ್ಲಿ ಜೀಪಿಟ್ಟುಕೊಂಡ ಮನೆಗಳಿಗೆ ಈ ತೊಂದರೆ ಹೊಸತಲ್ಲವಾದುದರಿಂದ, ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಡುತ್ತಿದ್ದೇವೆ. ಇದಕ್ಕಿರುವ ಪರಿಹಾರವನ್ನು ಪೇಟೆಯಲ್ಲಿ ರಾಕ್ ಸ್ಲೈಡರ್ ಎನ್ನುತ್ತಾರೆ. ನಾವು ಪಕ್ಕಗಂಬಿ ಎನ್ನೋಣ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ, ಬಾಗಿಲ ಹೊಸ್ತಿಲಿನ ಕೆಳಗೆ ಉದ್ದಕ್ಕೆ ಹಾಯುವ ದಪ್ಪ ಉಕ್ಕಿನ ಕೊಳವೆ ಅದು. ಬಂಡೆ ತಾಗಿದರೆ ಗಾಡಿ ಅದರ ಮೇಲೆ ಜಾರಿ ಮುಂದಕ್ಕೆ ಹೋಗಬೇಕು.

ಕಾಲಿಟ್ಟು ಹತ್ತುವ ಮೆಟ್ಟಿಲುಪಟ್ಟಿಯೂ ನೋಟಕ್ಕೆ ಹಾಗೆಯೇ ಇರುತ್ತದೆ. ಅಗ್ಗವೆಂದು ಅದನ್ನೇ ಕೊಂಡು ಮೋಸಹೋದವರು ಹಲವರು. ಅದು ಮನುಷ್ಯರ ಭಾರಕ್ಕೆ ಮಾಡಿದ್ದು. ಕಲ್ಲು ತಾಗಿದೊಡನೆ ಮೇಲಕ್ಕೆ ಬಾಗಿ, ತಾನೇ ಹೊಸ್ತಿಲನ್ನು ಜಜ್ಜುತ್ತದೆ. ನಿಜವಾದ ಪಕ್ಕಗಂಬಿಯ ತೋಳುಗಳು ಗಾಡಿಯ ಬೆನ್ನೆಲುಬಾದ ಚಾಸಿಗೆ ಬಿಗಿದಿರುತ್ತವೆ, ಮೈತಗಡಿಗಲ್ಲ. ಕಂಬಿಯಡಿಗೆ ಜಾಕಿ ಕೊಟ್ಟರೆ ಗಾಡಿಯ ಆ ಬದಿ ಮೇಲೇಳಬೇಕು, ಕಂಬಿ ಬಾಗಬಾರದು. ಇದೇ ಅದರ ಪರೀಕ್ಷೆ. ಆದಕಾರಣ ಥಾರ್, ಜಿಮ್ನಿ, ಹಳೆಯ ಜಿಪ್ಸಿ ಮೊದಲಾದ ಪ್ರತ್ಯೇಕ ಚಾಸಿಯುಳ್ಳ ಗಾಡಿಗಳಿಗೆ ಇದು ಹೊಂದುತ್ತದೆ. ಸಾಮಾನ್ಯ ಕಾರುಗಳಿಗೆ ಹೇಳಿದ್ದಲ್ಲ.

ಕೊಳ್ಳುವ ಮೊದಲು ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸುವುದು ಒಳಿತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದು. ಮುಂಭಾಗದ ಕಾವಲುಗಂಬಿಗಳ ವಿರುದ್ಧ ಕೇಂದ್ರ ಸಾರಿಗೆ ಮಂತ್ರಾಲಯವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದಿತ್ತು. ಪಕ್ಕಗಂಬಿಯಾದರೂ ಗಾಡಿಯ ಅಗಲ ಮೀರಿ ಚಾಚಿಕೊಂಡರೆ ದಾರಿಹೋಕರ ಕಾಲಿಗೆ ಅಪಾಯವೇ.

ನಾವು ಬೆಸುಗೆಯ ಬದಲು ಬೋಲ್ಟಿನಿಂದ ಬಿಗಿಯುವುದನ್ನೇ ಆರಿಸಿಕೊಂಡೆವು. ಚಾಸಿಯ ಮಗ್ಗುಲಲ್ಲೇ ಬ್ರೇಕಿನ ಮತ್ತು ಡೀಸೆಲಿನ ಪೈಪುಗಳು, ವಿದ್ಯುತ್ ತಂತಿಗಳು ಹಾಯುತ್ತವೆ. ಅವುಗಳ ಸನಿಹದಲ್ಲಿ ಬೆಸುಗೆಯ ಕಿಡಿ ಮನೆಯಂಗಳದ ಕೆಲಸವಲ್ಲ. ತೂತು ಕೊರೆಯಬೇಕಾಗಿ ಬಂದರೂ ಆಚೆ ಬದಿಯಲ್ಲೇನಿದೆಯೆಂದು ಮೊದಲು ಕೈಯಾಡಿಸಿ ನೋಡತಕ್ಕದ್ದು.

ಇನ್ನು ನಮ್ಮ ತಪ್ಪನ್ನೂ ಹೇಳಬೇಕು. ಸೋದರಳಿಯನನ್ನು ಜತೆಗಿಟ್ಟುಕೊಂಡು, ಅಂಗಳದ ಅಂಚಿನ ಮಣ್ಣಿನ ಮೇಲೆ ಜಾಕಿಯೊಂದನ್ನೇ ಕೊಟ್ಟು ಗಾಡಿಯನ್ನೆತ್ತಿದೆವು. ಅವನು ಅಡಿಗೆ ನುಸುಳಿದ.

"ಗಟ್ಟಿಯಾಗಿ ನಿಂತಿದೆ ಮಾವ, ನೀವು ಹೆದರಬೇಡಿ" ಎಂದ.

"ಹೆದರಿಕೆಯ ಮಾತು ಆಮೇಲೆ, ಮೊದಲು ನೀನು ಹೊರಗೆ ಬಾ" ಎಂದೆವು.

ಗೊಣಗುತ್ತಲೇ ಹೊರಬಂದು ಕೈ ಒರೆಸಿಕೊಳ್ಳುತ್ತಿದ್ದಾಗ, ಮಳೆಗೆ ಮೆತ್ತಗಾಗಿದ್ದ ಮಣ್ಣಿನಲ್ಲಿ ಜಾಕಿಯ ಬುಡ ಓರೆಯಾಗಿ ಹೂತು, ಒಂದೂವರೆ ಟನ್ನಿನ ಗಾಡಿ ಧೊಪ್ಪನೆ ಕೂತಿತು. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಅಕ್ಕನಿಗೆ ಈ ಸಂಗತಿಯನ್ನು ಇದುವರೆಗೂ ಹೇಳಿಲ್ಲ. ಈ ಪುಟವನ್ನು ಓದಿದರೆ ತಿಳಿದೀತು.

ಮರುದಿನ ಅಡಕೆ ಒಣಗಿಸುವ ಸಿಮೆಂಟಿನ ಅಂಗಳಕ್ಕೆ ಗಾಡಿಯನ್ನು ತಂದು, ಗೇರಿನಲ್ಲಿಟ್ಟು, ಕೈಬ್ರೇಕು ಎಳೆದು, ಚಕ್ರಗಳಿಗೆ ಮರದ ಅಡ್ಡೆ ಕೊಟ್ಟೆವು. ನೋಡಿದರೆ ಎತ್ತುವ ಅಗತ್ಯವೇ ಇರಲಿಲ್ಲ! ಮಲಗಿ ನುಸುಳುವಷ್ಟು ಎಡೆ ತಾನಾಗಿಯೇ ಇತ್ತು. ಎತ್ತಲೇಬೇಕಾದರೆ ಚಾಸಿಯಡಿಗೆ ಜಾಕಿ ಸ್ಟ್ಯಾಂಡುಗಳನ್ನಿಟ್ಟು, ಗಾಡಿಯನ್ನು ಅವುಗಳ ಮೇಲೆ ಕೂರಿಸಿ, ಪಕ್ಕದಿಂದ ಕುಲುಕಿ ನೋಡಿದ ಬಳಿಕವೇ ಅಡಿಗೆ ಹೋಗತಕ್ಕದ್ದು. ಕಲ್ಲು, ಇಟ್ಟಿಗೆಗಳನ್ನು ನಂಬಲಾಗದು.

ಕಂಬಿ ಒಬ್ಬನ ಕೈಗೆ ಭಾರ. ಮರದ ದಿಮ್ಮಿಗಳ ಮೇಲೆ ಅದನ್ನು ಆನಿಸಿ, ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದ ತಿರುಗಿಸಿ ಸಡಿಲವಾಗಿಯೇ ಬಿಡಬೇಕು. ಒಂದನ್ನು ಪೂರ್ತಿ ಬಿಗಿದರೆ ಮಿಕ್ಕವು ತೂತಿಗೆ ಕೂಡವು; ನಾವು ಒಂದು ಬದಿಯನ್ನು ಎರಡು ಸಲ ಕಳಚಿದ್ದು ಇದೇ ಕಾರಣಕ್ಕೆ. ಕಂಬಿಗೂ ಮೈತಗಡಿಗೂ ನಡುವೆ ಬೆರಳು ತೂರುವಷ್ಟು ಎಡೆಯಿರಲಿ, ಬಾಗಿಲು ಪೂರ್ತಿ ತೆರೆಯುವುದೇ ನೋಡಿಕೊಳ್ಳಿ. ಬಳಿಕ ತಯಾರಕರ ಕಾಗದದಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಸರದಿಯಂತೆ ಬಿಗಿಯುವುದು. ಒಂದು ವಾರ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿತ ನೋಡಬೇಕು. ನಮ್ಮದರಲ್ಲಿ ಎರಡು ಸಡಿಲವಾಗಿದ್ದವು.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ತುಕ್ಕಿನ ಮಾತು ಬಿಡುವಂತಿಲ್ಲ. ಹೊಸದಾಗಿ ಕೊರೆದ ತೂತಿನ ಅಂಚಿಗೆ ತುಕ್ಕುನಿರೋಧಕ ಬಣ್ಣ ಬಳಿಯಬೇಕು. ಕೊಳವೆಯೊಳಗೆ ನೀರು ನಿಲ್ಲದಂತೆ ಅಡಿಯಲ್ಲೊಂದು ಕಿರಿದಾದ ತೂತಿರಬೇಕು.

ಕಳೆದ ವಾರ ಅದೇ ಕೊರಕಲಿನಲ್ಲಿ ಚಕ್ರ ಮತ್ತೆ ಇಳಿಯಿತು. ಕರ್ರೆಂದು ಸದ್ದಾಗಿ ಗಾಡಿ ಜಾರಿ ಮುಂದೆ ಬಂತು. ಎಡಗಂಬಿಯ ಮೇಲೆ ಗೇಣುದ್ದದ ಗೀರು ಬಿದ್ದಿದೆ. ಬಾಗಿಲು ಸರಾಗವಾಗಿ ತೆರೆಯುತ್ತದೆ. ಗೀರಿಗೆ ಬಣ್ಣ ಬಳಿಯಲು ಅಳಿಯನಿಗೆ ಹೇಳಿದ್ದೇವೆ.